ಬಾಯಿಮಾತಿನ ಚೀಟಿ

ಮಧ್ಯಾಹ್ನ ಎರಡೂ ಮುಕ್ಕಾಲಿಗೆ, ಬೆಂಚು ಖಾಲಿಯಾಗಿ, ಡಾಕ್ಟರಮ್ಮ ನಮಾಜು ಮುಗಿಸಿ ಪರದೆಯ ಹಿಂದೆ ಚಾಪೆ ಮಡಿಸುತ್ತಿದ್ದಾಗ ಟೈಲರನ ತಾಯಿ ಒಳಗೆ ಬಂದಳು. ಆಪಾ ಕಟ್ಟಿಕೊಟ್ಟ ಊಟದ ಡಬ್ಬಿ ಮೇಜಿನ ಮೇಲೆ ಮುಚ್ಚಿಕೊಂಡೇ ಕೂತಿತ್ತು. ಆಪಾ ಅಂದರೆ ಡಾಕ್ಟರಮ್ಮನ ಅಕ್ಕ. ಗಂಡ ತೀರಿಹೋದ ಮೇಲೆ ತಂಗಿಯ ಮನೆ ಸೇರಿದವಳು, ಹನ್ನೊಂದು ವರ್ಷದಿಂದ ಆ ಮನೆಯ ಒಲೆ, ಬಟ್ಟೆ, ಮಕ್ಕಳ ಜ್ವರ ಎಲ್ಲವನ್ನೂ ಹೊತ್ತಿದ್ದಳು. "ಸರ್ಟಿಫಿಕೇಟು ನನ್ನ ಹೆಸರಲ್ಲಿದೆ, ಪ್ರಾಕ್ಟೀಸು ನಡೆಯೋದು ಆಪಾ ಕೈಯಲ್ಲಿ" ಎಂದು ಡಾಕ್ಟರಮ್ಮ ಬಂದವರೆದುರು ತಮಾಷೆ ಮಾಡುತ್ತಿದ್ದಳು. ಆಪಾ ನಕ್ಕು, ಬಂದವರಿಗೆ ಟೀ ತರಲು ಎದ್ದು ಹೋಗುತ್ತಿದ್ದಳು.

"ಡಾಕ್ಟ್ರಮ್ಮ, ಕಿವೀಲಿ ಗುಂಯ್ ಅಂತಿದೆ. ಸೊಸೆ ಮಾತು ಕೇಳಿಸದೆ ಇದ್ರೆ ಬೇಜಾರಿಲ್ಲ, ಟಿವೀನೂ ಕೇಳಿಸ್ತಿಲ್ಲ" ಎಂದು ಮುದುಕಿ ಸ್ಟೂಲಿನ ಮೇಲೆ ಕೂತಳು.

ಕಿವಿಯಲ್ಲಿ ಇದ್ದದ್ದು ಬರೀ ಗುಗ್ಗೆ. ತೊಟ್ಟು ಎಣ್ಣೆ ಬಿಟ್ಟು, ಕೈ ಒರೆಸಿಕೊಳ್ಳುತ್ತ, ಮಾತಿಗೆ ಮಾತು ಎಂಬಂತೆ ಡಾಕ್ಟರಮ್ಮ ಕೇಳಿದಳು: "ಕಾಲಿನ ಗಾಯ ಹೇಗಿದೆ? ತೋರ್ಸಿ."

"ಯಾವ ಗಾಯ?"

"ಎಡಗಾಲು. ಹೆಬ್ಬೆರಳ ಕೆಳಗೆ. ಹದಿನೈದು ದಿನ ಆದ್ರೂ ಮಾಯ್ತಿಲ್ಲ ಅಂತ ನಿಮ್ಮ ಸೊಸೆ ನಿನ್ನೆ ಹೇಳಿದ್ಲಲ್ಲ."

ಮುದುಕಿ ಚಪ್ಪಲಿ ಕಳಚಿ ಎರಡೂ ಕಾಲನ್ನು ಮುಂದೆ ಚಾಚಿದಳು. ಮೆತ್ತಗಿನ, ಬಿರುಕಿಲ್ಲದ, ಕೂತು ಉಂಡವರ ಕಾಲು. ಗಾಯ ಹಾಗಿರಲಿ, ಒಂದು ಗೀರೂ ಇರಲಿಲ್ಲ.

"ರಾತ್ರಿ ಪದೇ ಪದೇ ಏಳ್ತೀರಂತೆ? ಬಾಯಾರಿಕೆ?"

"ನಾನಾ? ತಲೆ ಇಟ್ರೆ ಬೆಳಕು ಹರಿದ ಮೇಲೇ. ಏಳೋಳು ಅವಳು. ನಾಲ್ಕು ಸಲ, ಐದು ಸಲ. ಬಚ್ಚಲ ಬಾಗಿಲು ಕಿರ್ ಅನ್ನಿಸಿ ಇದ್ದವರ ನಿದ್ದೇನೂ ಕೆಡಿಸ್ತಾಳೆ."

"ಹೊಸ ಮಾತ್ರೆ ತಗೊಂಡ್ರಾ?"

"ಹೊಸದೆಲ್ಲಿಂದ ಬಂತು? ನಂದು ಅದೇ ಹಳೇದು."

ಡಾಕ್ಟರಮ್ಮ ಬ್ಯಾಗು ಎಳೆದುಕೊಂಡಳು. "ಸೊಸೆ ಎಲ್ಲಿದ್ದಾಳೆ ಈಗ?"

"ಮನೇಲಿ. ಮಗನ ವ್ಯಾಪಾರದೋರು ಊಟಕ್ಕೆ ಬಂದಿದ್ರು, ಒಂಬತ್ತು ಜನ. ಇವಳು ಬಡಿಸ್ತಾ ಬಡಿಸ್ತಾ ಬೆವರಿ ತೊಪ್ಪೆಯಾಗಿ, ಕೈ ನಡುಗಿಸ್ಕೊಂಡು ಒಬ್ಬರ ತೊಡೆ ಮೇಲೆ ನೀರು ಚೆಲ್ಲಿದ್ಲು. ಒಂದು ಕೇಳಿದ್ರೆ ಇನ್ನೊಂದು ಹೇಳ್ತಾಳೆ. ಕೆಲಸ ಜಾಸ್ತಿ ಇದ್ದ ದಿನ ನಾಟಕಾನೂ ಜಾಸ್ತಿ. 'ಹೋಗು, ಒಂದು ಗಳಿಗೆ ಒರಗು' ಅಂತ ನಾನೇ ಹೇಳಿ ಬಂದೆ. ನಾನೇನು ಕೆಟ್ಟೋಳಲ್ಲ ನೋಡಿ."

"ಅವಳದ್ದು ಊಟ ಆಯ್ತಾ?"

"ಗಂಡಸರದ್ದಾಗಿ, ಮಕ್ಕಳದ್ದಾಗಿ, ನಂದಾಗಿ... ಅವಳದ್ದು ಯಾವತ್ತೂ ಕೊನೆಗೇ ಅಲ್ವಾ?"

ಡಾಕ್ಟರಮ್ಮ ಆಗಲೇ ಬ್ಯಾಗಿಗೆ ಸಿರಿಂಜು, ಗ್ಲೂಕೋಸಿನ ಬಾಟಲಿ, ಸಕ್ಕರೆ ನೋಡುವ ಯಂತ್ರ ತುಂಬುತ್ತಿದ್ದಳು.

ನಿನ್ನೆಯದು ಕಣ್ಣಿಗೆ ಕಟ್ಟಿದಂತಿತ್ತು. ಬೆಂಚಿನ ತುಂಬ ಜನ. ಟೈಲರನ ಹೆಂಡತಿ ಬಾಗಿಲಲ್ಲೇ ನಿಂತು, "ಕೂರಲ್ಲ ಡಾಕ್ಟ್ರಮ್ಮ, ಒಲೆ ಮೇಲೆ ಪಾತ್ರೆ ಇಟ್ಟು ಬಂದಿದೀನಿ, ಅತ್ತೆಗೆ ಹೀಗೀಗೆ" ಎಂದು ಒಂದೇ ಉಸಿರಿಗೆ ಹೇಳಿದ್ದಳು. ಅತ್ತೆಗೆ ಸಕ್ಕರೆ ಕಾಯಿಲೆ ಇರುವುದು ಎಂಟು ವರ್ಷದ ಮಾತು. ಡಾಕ್ಟರಮ್ಮ ತಲೆ ಎತ್ತದೆ ಜೋರಿನ ಮಾತ್ರೆ ಬರೆದು ಕೊಟ್ಟಳು: ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಊಟಕ್ಕೆ ಅರ್ಧ ಗಂಟೆ ಮುಂಚೆ. ಆಗ ಆಕೆ ಬಲಗಾಲ ಮೇಲೆ ಭಾರ ಹಾಕಿ, ಎಡಗಾಲ ಚಪ್ಪಲಿಯನ್ನು ಅರ್ಧವಷ್ಟೇ ಮೆಟ್ಟಿ ನಿಂತಿದ್ದಳು. ಕಣ್ಣು ಅದನ್ನು ಕಂಡಿತ್ತು. ತಲೆಗೆ ತಲುಪಿರಲಿಲ್ಲ.

ಹೀಗೆ ಬರೆಯುವುದು ಈ ಕ್ಲಿನಿಕ್ಕಿನಲ್ಲಿ ಅಬ್ಬನ, ಅಂದರೆ ಡಾಕ್ಟರಮ್ಮನ ಅಪ್ಪನ, ಕಾಲದಿಂದ ನಡೆದುಬಂದಿತ್ತು. ಒಂದು ಮನೆಗೆ ಒಂದು ಕಾರ್ಡು, ಮೇಲೆ ಯಜಮಾನನ ಹೆಸರು. ಮನೆಯ ಹೆಂಗಸು ಬಂದು ಎಲ್ಲರ ಕಾಯಿಲೆಯನ್ನೂ ಬಾಯಲ್ಲಿ ಹೇಳಿ ಚೀಟಿ ಒಯ್ಯುವಳು. ಜನ ಇದನ್ನೇ ನಂಬಿಕೆ ಎನ್ನುತ್ತಿದ್ದರು. ಡಾಕ್ಟರಮ್ಮನಿಗೂ ಆ ಮಾತಿನಲ್ಲಿ ಹೆಮ್ಮೆಯಿತ್ತು. ಟೈಲರನ ಮನೆಯ ಕಾರ್ಡಿನಲ್ಲಿ, ಸೊಸೆ ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ, ಅವಳ ಬಗ್ಗೆ ಇದ್ದದ್ದು ಎರಡೇ ಸಾಲು. ಎರಡೂ ಹೆರಿಗೆಯವು.

"ನಾಲ್ಕಕ್ಕೆ 'ತೆರೆದಿದೆ' ಅಂತ ಬೋರ್ಡು ತಿರುಗಿಸ್ಬೇಕು, ಈಗ ಎಲ್ಲಿಗೆ?" ಎಂದ ಕಾಂಪೌಂಡರ್. ಮಾತಿಗೊಮ್ಮೆ ಹೊತ್ತು ಹೇಳುತ್ತಿದ್ದುದರಿಂದ ಅವನಿಗೆ ಗಡಿಯಾರ ಎಂದೇ ಹೆಸರು.

"ನೀನೂ ಬಾ. ಬಾಗಿಲು ಹಾಕು."

ಮುದುಕಿ ಹಿಂದಿನಿಂದ ಕೂಗುತ್ತಿದ್ದಳು, "ನನ್ನ ಕಿವಿ?"

ಟೈಲರನ ಮನೆ ಮೂರು ಬೀದಿಯ ಆಚೆ. ಡಾಕ್ಟರಮ್ಮ ಓಡಿ ಎಷ್ಟು ವರ್ಷವಾಗಿತ್ತೋ. ತಲೆವಸ್ತ್ರ ಜಾರಿ ಕುತ್ತಿಗೆಗೆ ಬಿತ್ತು, ಅದನ್ನು ಹಾಗೇ ಬಿಟ್ಟಳು. ಖಾಲಿ ಹೊಟ್ಟೆಗೆ ಎರಡು ಮಾತ್ರೆ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಸಕ್ಕರೆ ಎಷ್ಟಕ್ಕೆ ಇಳಿದಿರಬಹುದು ಎಂದು ಲೆಕ್ಕ ಹಾಕುತ್ತ, ಆ ಲೆಕ್ಕಕ್ಕೆ ಹೆದರುತ್ತ ಓಡಿದಳು. ಊಟಕ್ಕೆ ಅರ್ಧ ಗಂಟೆ ಮುಂಚೆ ಎಂದರೆ, ಯಾರ ಊಟಕ್ಕೆ?

ಹೊರಕೋಣೆಯಲ್ಲಿ ಟೈಲರು ವ್ಯಾಪಾರಿಗಳ ಜೊತೆ ಬಟ್ಟೆಯ ತುಂಡು ಹಿಡಿದು ಕೂತಿದ್ದ. "ಅರೆ, ಡಾಕ್ಟ್ರಮ್ಮ! ಅಮ್ಮ ಅಲ್ಲಿಗೇ ಬಂದ್ಲಲ್ಲ?"

ಅವಳು ನೇರ ಅಡುಗೆಮನೆಗೆ ನುಗ್ಗಿದಳು.

ತೊಳೆಯುವ ಕಟ್ಟೆಯ ಕೆಳಗೆ, ಎಂಜಲು ತಟ್ಟೆಗಳ ರಾಶಿಯ ಪಕ್ಕ, ಆಕೆ ಗೋಡೆಗೆ ಒರಗಿದ್ದಳು. ನಲ್ಲಿ ಸುರಿಯುತ್ತಲೇ ಇತ್ತು. ಕೈಯಲ್ಲಿ ತಿಕ್ಕುವ ನಾರು. ಒಲೆಯ ಮೇಲೆ ಅವಳ ಪಾಲಿನ ಊಟ, ತಟ್ಟೆ ಮುಚ್ಚಿಟ್ಟದ್ದು, ಮುಟ್ಟಿರಲಿಲ್ಲ. ಕೆನ್ನೆ ತಟ್ಟಿದರೆ ಕಣ್ಣು ಅರೆ ತೆರೆದು, "ಬಂದೆ... ಇನ್ನೊಂದ್ಸಲ ಬಡಿಸ್ತೀನಿ" ಎಂದು ತೊದಲಿ ಮತ್ತೆ ಮುಚ್ಚಿದಳು. ಮೈ ತಣ್ಣೀರಿನಲ್ಲಿ ಅದ್ದಿದಂತಿತ್ತು.

ಬೆರಳು ಚುಚ್ಚಿದಳು. ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದ್ದು, ಯಂತ್ರ ಮೂವತ್ತೊಂದು ಎಂದಿತು.

"ಗಡಿಯಾರ, ತೋಳು ಹಿಡಿ. ಬಿಗಿಯಾಗಿ."

ರಕ್ತನಾಳ ಸಿಗಲಿಲ್ಲ. ಒಂದು ಸಲ ಚುಚ್ಚಿದಳು, ಜಾರಿತು. ಬಾಗಿಲಲ್ಲಿ ಟೈಲರು "ಏನಾಯ್ತು, ಏನಾಯ್ತು" ಎನ್ನುತ್ತ ನಿಂತ. ಅವನ ಹಿಂದೆ ಕುತೂಹಲದ ನಾಲ್ಕು ತಲೆಗಳು. ಎರಡನೇ ಸಲವೂ ಜಾರಿತು. ಮೂವತ್ತು ವರ್ಷ ಸೂಜಿ ಹಿಡಿದ ಕೈಯನ್ನು ಡಾಕ್ಟರಮ್ಮ ಬೇರೆ ಯಾರದೋ ಕೈಯೆಂಬಂತೆ ನೋಡಿದಳು. ಆ ಕೈ ಬರೆದದ್ದನ್ನೇ ಈಗ ಅದು ಅಳಿಸಬೇಕಿತ್ತು. ಬಿಸ್ಮಿಲ್ಲಾ ಎಂದು ಉಸಿರು ಬಿಗಿಹಿಡಿದು ಮಣಿಕಟ್ಟಿನ ಮೇಲೆ, ಪಾತ್ರೆ ಉಜ್ಜಿ ಒರಟಾದ ಚರ್ಮದ ಕೆಳಗೆ, ತಡವಿ ಹುಡುಕಿದಳು. ಸಿಕ್ಕಿತು. ಗ್ಲೂಕೋಸು ನಿಧಾನ ಇಳಿಯತೊಡಗಿತು.

ಎಣಿಸಿದರೆ ನಾಲ್ಕು ನಿಮಿಷ. ಡಾಕ್ಟರಮ್ಮ ಎಡಗಾಲ ಹೆಬ್ಬೆರಳನ್ನು ಎತ್ತಿ ನೋಡಿದಳು. ಗಾಯ ಅಲ್ಲೇ ಇತ್ತು, ಹಳೆಯ ಬಟ್ಟೆಯ ಚೂರು ಸುತ್ತಿಕೊಂಡು.

ಆಕೆ ಕಣ್ಣು ತೆರೆದಾಗ ಮೊದಲು ಕಂಡದ್ದು ಡಾಕ್ಟರಮ್ಮನ ಮುಖ, ಆಮೇಲೆ ಗಾಯದಿಂದ ಬಿಚ್ಚಿದ ಬಟ್ಟೆ. ಅರ್ಥವಾಯಿತು. ಡಾಕ್ಟರಮ್ಮನ ತೋಳನ್ನು ಹಿಡಿದು, ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: "ಅತ್ತೆಗೆ ಹೇಳ್ಬೇಡಿ. ಅವರ ಹೆಸರು ಹೇಳಿದ್ರೆ ಔಷಧಿಗೆ ಹೋಗೋಕೆ ಬಿಡ್ತಾರೆ. ನಂದು ಅಂದ್ರೆ, ಓಡಾಡ್ಕೊಂಡಿದ್ರೆ ಹೋಗುತ್ತೆ ಅಂತಾರೆ."

ಅಷ್ಟರಲ್ಲಿ ಮುದುಕಿ ಏದುಸಿರು ಬಿಡುತ್ತ ಬಂದಳು. ಬಾಗಿಲಲ್ಲಿ ನಿಂತು ಸೊಸೆಯನ್ನೂ ಸೂಜಿಯನ್ನೂ ನೋಡಿದಳು. "ನಿಜವಾಗ್ಲೂ ಹುಷಾರಿಲ್ವಾ?" ಎಂದಳು. ದನಿಯಲ್ಲಿ ಕೊಂಕು ಇರಲಿಲ್ಲ.

"ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಈ ಮಾತ್ರೆ ಸುಮ್ನೆ ಬಿಡಲ್ಲ, ಸಂಜೆ ಮತ್ತೆ ಸಕ್ಕರೆ ಇಳಿಸುತ್ತೆ. ಎರಡು ದಿನ ಅಲ್ಲೇ ಇರ್ಲಿ" ಎಂದಳು ಡಾಕ್ಟರಮ್ಮ.

"ಎರಡು ದಿನಾನಾ? ಮನೆ?" ಟೈಲರು ತಟ್ಟೆಗಳ ರಾಶಿ ನೋಡಿದ.

"ಮನೆ ಎಲ್ಲೂ ಓಡಿಹೋಗಲ್ಲ. ಇವಳು ಹೋಗ್ತಿದ್ಲು."

"ಯಾವ ಮಾತ್ರೆ? ಇವಳ್ಯಾಕೆ ಮಾತ್ರೆ ತಿಂದ್ಲು?" ಎಂದ ಟೈಲರು.

ಡಾಕ್ಟರಮ್ಮನ ತೋಳಿನ ಮೇಲೆ ಸೊಸೆಯ ಹಿಡಿತ ಬಿಗಿಯಾಯಿತು. ಅತ್ತೆಯ ಮಾತ್ರೆಯನ್ನು ಸೊಸೆ ತಿಳಿಯದೆ ತಿಂದಳು ಎಂದರೆ ಎಲ್ಲರೂ ನಂಬುತ್ತಿದ್ದರು, ಡಾಕ್ಟರಮ್ಮನ ಹೆಸರು ಕೆಡುತ್ತಿರಲಿಲ್ಲ. ವಾಕ್ಯ ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿದಳು.

"ನಾನು ಬರೆದು ಕೊಟ್ಟ ಮಾತ್ರೆ. ರೋಗಿಯನ್ನ ಕೂರಿಸಿ ನೋಡದೆ, ಕೇಳದೆ ಬರೆದೆ. ತಪ್ಪು ನಂದು."

ವ್ಯಾಪಾರಿಗಳಲ್ಲೊಬ್ಬ ಇನ್ನೊಬ್ಬನ ಮುಖ ನೋಡಿದ. ಸಂಜೆಯೊಳಗೆ ಈ ಮಾತು ಅಂಗಡಿ ಬೀದಿಯ ಉದ್ದಕ್ಕೂ ಹೋಗುತ್ತದೆಂದು ಡಾಕ್ಟರಮ್ಮನಿಗೆ ಗೊತ್ತಿತ್ತು. ಮೊಣಕಾಲ ಮೇಲೆ ಕಾಗದ ಇಟ್ಟು ಆಸ್ಪತ್ರೆಗೆ ಪತ್ರ ಬರೆದಳು. ಅದರಲ್ಲೂ ಅದೇ ಸಾಲು, ಕೆಳಗೆ ಸಹಿ. ಟೈಲರು ಓದಿ ಮಡಚಿದ. "ನಿಮ್ಮಪ್ಪನ ಕಾಲದಿಂದ ಬರ್ತಿದ್ವಿ" ಎಂದನಷ್ಟೇ.

ಆಟೋ ಹತ್ತಿಸುವಾಗ ಮುದುಕಿ ಒಳಗೆ ಹೋಗಿ ಮುಚ್ಚಿಟ್ಟ ತಟ್ಟೆಯನ್ನು ತಂದಳು. "ಇದು ಅವಳದ್ದು" ಎಂದು ಮಗನ ಮಡಿಲಲ್ಲಿಟ್ಟಳು. ಡಾಕ್ಟರಮ್ಮನ ಕಡೆ ತಿರುಗಲಿಲ್ಲ. ಸೊಸೆಯ ಕಾಲಿನ ಕಡೆ ಒಂದು ಸಲ ನೋಡಿದಳು, ತನ್ನ ಕಾಲಿನ ಕಡೆ ಒಂದು ಸಲ.

ಕ್ಲಿನಿಕ್ಕಿಗೆ ಹಿಂತಿರುಗಿದಾಗ ನಾಲ್ಕೂ ಇಪ್ಪತ್ತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತ ಗಾದೆ ಕೇಳಿದ್ದೆ. ಎಮ್ಮೆ ತಾನೇ ಬಂದು ಎತ್ತಿನ ಹೆಸರು ಹೇಳಿ ಬರೆ ಹಾಕಿಸ್ಕೊಂಡಿದ್ದು ಇವತ್ತೇ ಕೇಳಿದ್ದು" ಎಂದ ಗಡಿಯಾರ, ಬೀಗ ತೆಗೆಯುತ್ತ.

"ಅದು ಎಮ್ಮೆ ಅಲ್ಲ. ಬೋರ್ಡು ತಿರುಗಿಸು" ಎಂದಳು.

ಹೊರಗೆ ಕಾದಿದ್ದು ಬೆಂಚಿಗೆ ಬಂದವರಲ್ಲಿ ಮೊದಲಿನವನು ಬೇಕರಿಯವನು. "ಹೆಂಡ್ತಿಗೆ ಕೆಮ್ಮು ಡಾಕ್ಟ್ರಮ್ಮ, ಹೋದ ಸಲದ್ದೇ ಚೀಟಿ ಬರ್ಕೊಡಿ, ಓಡ್ತೀನಿ."

"ಕರ್ಕೊಂಡು ಬನ್ನಿ."

"ಅವಳು ಬಂದ್ರೆ ಮನೇಲಿ ಅಡುಗೆ?"

"ಬೇಕರಿಯೋರು ನೀವು. ಊರಿಗೆಲ್ಲ ಬ್ರೆಡ್ಡು ಸುಡ್ತೀರಿ."

ಅವನು ಗೊಣಗುತ್ತ ಎದ್ದುಹೋದ. ಬೆಂಚಿನಲ್ಲಿದ್ದ ಇನ್ನಿಬ್ಬರೂ ಬಾಯಿಮಾತಿನ ಚೀಟಿಗೆ ಬಂದವರೇ. ಮೆಲ್ಲಗೆ ಅವನ ಹಿಂದೆ ಹೊರಟರು. ಬೆಂಚು ಮತ್ತೆ ಖಾಲಿಯಾಯಿತು.

ಡಬ್ಬಿಯ ಮುಚ್ಚಳ ತೆಗೆದಳು. ಊಟ ಆರಿ ಅಂಟಾಗಿತ್ತು. ಒಂದು ತುತ್ತು ಬಾಯಿಗಿಟ್ಟವಳಿಗೆ ಬೆಳಿಗ್ಗೆಯ ಮಾತು ನೆನಪಾಯಿತು. ಡಬ್ಬಿ ಕೊಡುತ್ತ ಆಪಾ, "ಈ ನಡುವೆ ಮೆಟ್ಟಿಲು ಹತ್ತಿದ್ರೆ ಉಸಿರು ಹಿಡಿಯುತ್ತೆ ಕಣೇ" ಎಂದಿದ್ದಳು. ತಾನು ತಲೆವಸ್ತ್ರದ ಪಿನ್ನು ಕಚ್ಚಿದ ಬಾಯಲ್ಲೇ "ಗ್ಯಾಸು" ಎಂದು ಹೊರಟುಬಂದಿದ್ದಳು.

ಎದ್ದು ಕಾರ್ಡಿನ ಬೀರು ತೆರೆದು ತಮ್ಮ ಮನೆಯ ಕಾರ್ಡು ಹುಡುಕಿದಳು. ಗಂಡ, ಇಬ್ಬರು ಮಕ್ಕಳು. ಹಿಂದೆ ಮುಂದೆ ತಿರುಗಿಸಿದಳು. ಆಪಾಳ ಹೆಸರು ಎಲ್ಲೂ ಇರಲಿಲ್ಲ.

ಫೋನು ಎತ್ತಿಕೊಂಡಳು. ಆ ಕಡೆ ಕುಕ್ಕರ್ ಕೂಗುತ್ತಿತ್ತು.

"ಆಪಾ, ಒಲೆ ಆರಿಸಿ ಈಗಲೇ ಕ್ಲಿನಿಕ್ಕಿಗೆ ಬಾ. ಆಟೋದಲ್ಲಿ ಬಾ, ನಡೀಬೇಡ."

"ಯಾಕೇ?" ಎಂದಳು ಆಪಾ ಗಾಬರಿಯಾಗಿ. "ಯಾರಿಗೆ ಏನಾಗಿದೆ?"