ಶೇಕಡಾ ಇಪ್ಪತ್ತರ ಗೊಂದಲ

ಬೆಳಿಗ್ಗೆ ಪೇಪರ್ ಬಂದರೆ ಜನ ರಾಶಿಭವಿಷ್ಯವನ್ನೋ ಕ್ರಿಕೆಟ್ಟನ್ನೋ ಹುಡುಕುತ್ತಾರೆ. ನಾನು ಕಾರುಗಳ ಸುದ್ದಿ ಹುಡುಕುತ್ತೇನೆ. ಯಾವ ಕಂಪನಿ ಡೀಸೆಲ್ ಬಿಟ್ಟಿತು, ಯಾವ ಸರ್ಕಾರ ಎಲೆಕ್ಟ್ರಿಕ್ ಗಾಡಿಯ ತೆರಿಗೆ ಬದಲಿಸಿತು, ಎಲ್ಲದರ ಬಗ್ಗೆಯೂ ನನಗೊಂದು ಅಭಿಪ್ರಾಯವಿದೆ. ಕೆಲವುಗಳ ಬಗ್ಗೆ ಎರಡಿವೆ, ಅವು ಒಂದಕ್ಕೊಂದು ಆಗಿಬರುವುದಿಲ್ಲ. ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಕಾರು ಕೊಳ್ಳುವವರು ಮೊದಲು ನನ್ನನ್ನು ಕೇಳುತ್ತಾರೆ. ಕೇಳಿದ ಮೇಲೆ ಆರು ತಿಂಗಳು ಕೊಳ್ಳುವುದಿಲ್ಲ.

ಇಷ್ಟೆಲ್ಲ ಪಾಂಡಿತ್ಯವಿರುವ ನನ್ನ ಬಳಿ ಇರುವುದು ಒಂದೇ ಕಾರು, ಹದಿನೈದು ವರ್ಷದ್ದು. ಅದರ ಬಂಪರಿನ ಎಡಮೂಲೆಯಲ್ಲಿ ಹೆಬ್ಬಾಳದ ಟ್ರಾಫಿಕ್ಕಿನ ಗುರುತಿದೆ. ಈ ವರ್ಷ ಅದರ ನೋಂದಣಿ ಮುಗಿಯುವುದಿತ್ತು. ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಪಾಸಾದರೆ ಇನ್ನೈದು ವರ್ಷ ನಮ್ಮದು, ಇಲ್ಲವಾದರೆ ಗುಜರಿ. ಮುಚ್ಚುಮರೆ ಯಾಕೆ, ಆ ಕಾರೆಂದರೆ ನನಗೆ ಪ್ರಾಣ.

ಅಷ್ಟರಲ್ಲಿ ಪೆಟ್ರೋಲಿಗೆ ಶೇಕಡಾ ಇಪ್ಪತ್ತು ಎಥನಾಲ್ ಬೆರೆಸುವ ಗಲಾಟೆ ಶುರುವಾಯಿತು. ಎಥನಾಲ್ ಎಂದರೆ ಕಬ್ಬಿನಿಂದಲೋ ಧಾನ್ಯದಿಂದಲೋ ತೆಗೆಯುವ ಮದ್ಯಸಾರ. ಅದು ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನು ತಿಂದುಹಾಕುತ್ತದೆ ಎಂದು ಒಬ್ಬರು ಬರೆದರು. ಏನೂ ಆಗುವುದಿಲ್ಲ, ಮೈಲೇಜು ಚೂರು ಇಳಿದೀತು ಎಂದು ಇನ್ನೊಬ್ಬರು. ಇಬ್ಬರೂ ಇಂಜಿನಿಯರುಗಳೇ. ಇಂದ್ರ ಸೋಮರಸ ಕುಡಿದು ರಥ ಹತ್ತುತ್ತಿದ್ದನಂತೆ ಸರಿ, ಕುದುರೆಗಳಿಗೂ ಕುಡಿಸಿದನೆಂದು ನಾನೆಲ್ಲೂ ಓದಿಲ್ಲ. ಕಬ್ಬು ಬೆಳೆಯುವವರಿಗೆ ಒಳ್ಳೆಯದಾಗಲಿ ಎಂದು ಸೋಮವಾರ ಎಥನಾಲಿನ ಪರವಾಗಿರುತ್ತಿದ್ದೆ. ಮಂಗಳವಾರ ನನ್ನ ಪೈಪು ನೆನಪಾಗಿ ವಿರೋಧ ಪಕ್ಷ ಸೇರುತ್ತಿದ್ದೆ. ದೆಹಲಿಯಲ್ಲಿ ಹಳೆಯ ಗಾಡಿಗಳಿಗೆ ಪೆಟ್ರೋಲೇ ಇಲ್ಲ ಎಂದರು, ಕೆಲವೇ ದಿನಗಳಲ್ಲಿ, ಸದ್ಯಕ್ಕೆ ಹಾಕಿಸಿಕೊಳ್ಳಿ ಎಂದರು. ನಮ್ಮಲ್ಲಿ ಹೊಸ ನಂಬರ್ ಪ್ಲೇಟಿಗೆ ಕೊನೆಯ ದಿನ ಎಂದರು, ಅದೂ ಮುಂದಕ್ಕೆ ಹೋಯಿತು.

ಕೊನೆಗೆ ತಜ್ಞನಿಗೆ ತಕ್ಕ ನಿರ್ಧಾರ ತೆಗೆದುಕೊಂಡೆ. ಎಲ್ಲ ಸ್ಪಷ್ಟವಾಗುವವರೆಗೆ ಕಾರನ್ನು ಹೊರಗೆ ತೆಗೆಯುವುದೇ ಬೇಡ. ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲಿನ ಸಮೇತ ಹೊದಿಕೆ ಹೊದಿಸಿ ನಿಲ್ಲಿಸಿದೆ. ಆ ಕಾರಿನಲ್ಲಿ ಯಲಹಂಕದ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದ ನನ್ನ ಹೆಂಡತಿ ಗಿರಿಜಾ ಬಸ್ಸು ಹಿಡಿಯಬೇಕಾಯಿತು. ನಾವಿಬ್ಬರೂ ಗದಗಿನ ಕಡೆಯವರು. ನನ್ನ ಮಾತು ಬೆಂಗಳೂರಿಗೆ ಒಗ್ಗಿದೆ, ಅವಳದು ಒಗ್ಗಿಲ್ಲ.

"ಕಾರಿಗೆ ಚಾದರ ಹೊಚ್ಚಿ ಇಟ್ಟೀರಲ್ರೀ, ಅದೇನ್ ಉಪ್ಪಿನಕಾಯಿ ಏನು, ಕಳಿಯಾಕ ಬಿಡಾಕ?" ಎಂದು ಬಸ್ ಸ್ಟಾಪಿನಲ್ಲಿ ನಿಂತು ಕೇಳಿದಳು. ನಾನು ರಬ್ಬರ್ ಪೈಪಿನ ರಸಾಯನಶಾಸ್ತ್ರ ವಿವರಿಸತೊಡಗಿದೆ. ಅಷ್ಟರಲ್ಲಿ ಅವಳ ಬಸ್ಸು ಬಂತು.

ನಾಲ್ಕು ತಿಂಗಳಾಯಿತು. ತಪಾಸಣೆಗೆ ಇನ್ನು ಎರಡೇ ದಿನ ಎನ್ನುವಾಗ ಹೊದಿಕೆ ತೆಗೆದು ಕೀಲಿ ತಿರುಗಿಸಿದೆ. ಟಿಕ್ ಎಂದಿತು, ಅಷ್ಟೆ. ಅಬ್ಬಿಗೆರೆಯಿಂದ ಮೆಕ್ಯಾನಿಕ್ ಮುನಿರಾಜು ಬಂದು ಬಾನೆಟ್ ಎತ್ತಿದ. ಬ್ಯಾಟರಿ ಸತ್ತಿತ್ತು. ಒಳಗೆ ಇಲಿಯೊಂದು ಸಂಸಾರ ಹೂಡಿತ್ತು. ಪೈಪಿನಲ್ಲಿ ತೂತು ಕಾಣಿಸಿತು.

"ಎಥನಾಲ್‌ನಿಂದ ತಾನೇ?" ಎಂದು ಆಸೆಯಿಂದ ಕೇಳಿದೆ.

"ಎಥನಾಲೂ ಇಲ್ಲ, ಏನೂ ಇಲ್ಲ ಸಾರ್. ಇಲಿ ಕಡ್ದೈತೆ. ಓಡೋ ಗಾಡೀನ ಇಂಗೆ ನಿಲ್ಸ್‌ಬಿಟ್ರೆ ಇನ್ನೇನಾಯ್ತದೆ?"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಯಾವ ಸರ್ಕಾರವೂ ಮಾಡದ ಕೆಲಸವನ್ನು, ಅಂದರೆ ಆ ಕಾರನ್ನು ಗುಜರಿಗೆ ದಬ್ಬುವ ಕೆಲಸವನ್ನು, ನಾನೇ ಕೈಯಾರೆ ಮಾಡುತ್ತಿದ್ದೆ. ಮುನಿರಾಜು ಎರಡು ದಿನ ಕೂತು ಪೈಪು, ವೈರು, ಬ್ಯಾಟರಿ ಎಲ್ಲ ಬದಲಿಸಿದ. ಹಳೆಯ ಪೆಟ್ರೋಲ್ ಚೆಲ್ಲಿ, ನಾನು ಅಷ್ಟು ಹೆದರಿದ್ದ ಹೊಸದನ್ನೇ ತುಂಬಿಸಿದ. ಕಾರು ಒಂದು ಸಲವೂ ಕೆಮ್ಮಲಿಲ್ಲ.

ತಪಾಸಣೆಯ ದಿನ ಗಿರಿಜಾಳ ಕ್ಲಾಸು ಹನ್ನೊಂದಕ್ಕಿತ್ತು, ಆರ್‌ಟಿಒ ಕಚೇರಿಗೆ ಅವಳೂ ಜೊತೆಗೆ ಬಂದಳು. ಎಥನಾಲಿನಿಂದ ಹೊಗೆಯ ನಿಯಮದವರೆಗೆ ಏನು ಕೇಳಿದರೂ ಉತ್ತರಿಸಲು ಪೇಪರ್ ತುಣುಕುಗಳ ಫೈಲು ಒಯ್ದಿದ್ದೆ. ಇನ್ಸ್‌ಪೆಕ್ಟರ್ ಅದನ್ನು ಕೇಳಲೇ ಇಲ್ಲ. ಲೈಟು, ಹಾರ್ನು, ಬ್ರೇಕು ನೋಡಿದರು, ಒಂದು ಸುತ್ತು ಓಡಿಸಲು ಹೇಳಿದರು. ಓಡಿಸಿದೆ. "ಆಯ್ತು, ಹೋಗ್ಬೋದು" ಎಂದರು. ನನ್ನ ಕಣ್ಣು ತುಂಬಿಬಂತು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. "ಐದು ವರ್ಷ ಆದ್ಮೇಲೆ ಯಾವ ರೂಲ್ಸ್ ಬರುತ್ತೆ ಸಾರ್?" ಎಂದು ಕೇಳಿದೆ. ಇಲಾಖೆಯ ಒಳಗಿನವರಿಗಾದರೂ ಗೊತ್ತಿರುತ್ತದೆಂದು ನನ್ನ ನಂಬಿಕೆ.

"ನಮಗೂ ಪೇಪರ್ ನೋಡೇ ಗೊತ್ತಾಗೋದು ಕಣ್ರೀ" ಎಂದರು. ಆಮೇಲೆ ನನ್ನ ಫೈಲಿನ ಕಡೆ ನೋಡಿ, ದನಿ ತಗ್ಗಿಸಿ, "ತುಂಬಾ ಓದ್ಕೊಂಡಿದೀರಾ ಅನ್ಸುತ್ತೆ. ನಾನೊಂದು ಕಾರ್ ತಗೋಬೇಕು. ಪೆಟ್ರೋಲಾ, ಎಲೆಕ್ಟ್ರಿಕ್ಕಾ ಅಂತಾನೇ ಗೊತ್ತಾಗ್ತಿಲ್ಲ. ನೀವೇನ್ ಹೇಳ್ತೀರಾ?" ಎಂದರು.

ಫೈಲು ಬಿಚ್ಚಹೋದವನು ಮತ್ತೆ ಮುಚ್ಚಿದೆ. "ಯಾವುದಾದ್ರೂ ತಗೊಳ್ಳಿ ಸಾರ್, ತಗೊಂಡ್ಮೇಲೆ ಓಡ್ಸಿ" ಎಂದುಬಿಟ್ಟೆ. ಹೇಳಿದ್ದು ಸರಿಯೋ ತಪ್ಪೋ ನನಗಿನ್ನೂ ತಿಳಿಯದು.

ತಿರುಗಿ ನೋಡಿದರೆ ಗಿರಿಜಾ ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದಳು. "ಇನ್ನೈದು ವರ್ಷ ಕೀಲಿ ನನ್ನ ಕಡೆ ಇರ್ಲಿ" ಎಂದಳು. "ಹತ್ರಿ, ಕ್ಲಾಸಿಗೆ ಹೊತ್ತಾತು."