ಶರಣಪ್ಪನವರು ಬರೆದಿಟ್ಟ ಪ್ರಶ್ನೆ

ಹಾಜರಿ ಕರೆಯುತ್ತಿದ್ದ ಪ್ರಾಧ್ಯಾಪಕರು "ಶರಣಪ್ಪ, ಗೊಬ್ಬೂರ" ಎಂದಾಗ ಎದ್ದು ನಿಂತವರು ವಯಸ್ಸಾದ ಹೆಂಗಸು.

"ನಮ್ಮ ಮನಿಯವ್ರು ಹೋದ ತಿಂಗಳ ತೀರ್ಕೊಂಡ್ರು ಸರ. ಫಾರ್ಮಿನ್ಯಾಗ ಏನೋ ಪ್ರಶ್ನಿ ಬರ್ದು ನನಗ ತೋರ್ಸದ ಕಳ್ಸಿದ್ರು. ಅದೇನಂತ ತಿಳ್ಕೊಳ್ಳಾಕ ಬಂದೀನ್ರಿ."

ಕಡಗಂಚಿ ಬಳಿಯ ಐದು ದಿನಗಳ ತತ್ವಶಾಸ್ತ್ರ ಶಿಬಿರವದು. ಬದುಕಿನ ದೊಡ್ಡ ಪ್ರಶ್ನೆಯೊಂದನ್ನು ಎಲ್ಲರೂ ಮೊದಲೇ ಬರೆದು ಕಳಿಸಿದ್ದೆವು. ಪ್ರಾಧ್ಯಾಪಕರು ಆ ಫಾರ್ಮು ಹುಡುಕಿ, ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದರು: "ನಾನು ನಗೆಮಾತು ಹೇಳಿದರೆ ನನ್ನ ಹೆಂಡತಿ ಯಾಕೆ ನಗುವುದಿಲ್ಲ?"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನಾನು ನೀರಿನ ಬಾಟಲಿ ಚಾಚಿದೆ. ಅವರು ನಗುತ್ತಿದ್ದರು. "ಅವ್ರು ಹೇಳಿ ಮುಗ್ಸೂದ್ರಾಗ ತಾವ ನಕ್ಕ ಬಿಡ್ತಿದ್ರು ಸರ. ನನಗರ ಹ್ಯಾಂಗ ತಿಳೀಬೇಕು?"

ಐದು ದಿನ ಸಾವು, ಆತ್ಮ ಎಂದೆಲ್ಲ ವಾದಿಸಿದೆವು. ಪೂರ್ತಿ ಉತ್ತರ ಸಿಕ್ಕಿದ್ದು ಶರಣಪ್ಪನವರ ಪ್ರಶ್ನೆಗೆ ಮಾತ್ರ.