ಅತ್ತೆಗೆ ಊರು ಹುಡುಕಿದ ವರ್ಷ

ವಿಜಾಪುರದ ಮೊದಲ ಬೆಳಗು ಅತ್ತೆ ನನ್ನ ಹೊದಿಕೆ ಎಳೆದು ಎಬ್ಬಿಸಿದಳು. "ಪಕ್ಕದ ಮನೇಲಿ ಯಾರ್ಗೋ ಹೊಡೀತಾವ್ರೆ ಕಣೆ. ಹೋಗಿ ಬಿಡಿಸು" ಎಂದಳು. ನನಗೂ ಕೇಳಿಸಿತು, ಪಟಪಟ ಪಟಪಟ, ಬಿಡುವಿಲ್ಲದ ಏಟು. ಸೆರಗು ಬಿಗಿದುಕೊಂಡು ಹೋಗಿ ಬಾಗಿಲು ತಟ್ಟಿದೆ. ಒಳಗೆ ಒಲೆಯ ಮುಂದೆ ಕೂತಿದ್ದ ಹೆಂಗಸು ಹಿಟ್ಟಿನ ಕೈ ಎತ್ತಿಕೊಂಡೇ, "ರೊಟ್ಟಿ ಬಡ್ಯಾಕತ್ತೇನ್ರಿ ಬಾಯಾರ. ಒಂದು ಬಿಸೀದು ಕೊಡ್ಲೇನು?" ಎಂದಳು. ಬಾಯಾರು ಎಂದರೆ ಅಲ್ಲಿ ಹೆಣ್ಣುಮೇಷ್ಟರು. ನಾನು ಶಾಲೆಗೆ ಬಂದವಳೆಂದು ಓಣಿಗೆಲ್ಲ ಆಗಲೇ ಗೊತ್ತಾಗಿತ್ತು.

ತಿಪಟೂರು ಕಡೆಯ ನಮ್ಮಲ್ಲಿ ರಾಗಿ ಮುದ್ದೆ ಸದ್ದು ಮಾಡದೆ ಬೇಯುತ್ತದೆ. ಅಲ್ಲಿ ಊಟವೇ ಊರನ್ನು ಎಬ್ಬಿಸುತ್ತದೆ. ನಾನು ನಗಬಹುದಿತ್ತು, ನಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ ಚಿಂತೆ. ಅತ್ತೆ ಎಂದರೆ ಅಪ್ಪನ ಅಕ್ಕ, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಎರಡೂ ಕಣ್ಣು ಹೋಗಿ ಮೂರು ವರ್ಷವಾಗಿತ್ತು. ವರ್ಗವಾದಾಗ ಅವಳನ್ನು ಬಿಟ್ಟುಬರಲು ಯಾರೂ ಇರಲಿಲ್ಲ, ಕರೆದುಕೊಂಡೇ ಬಂದೆ. ನಾನು ಶಾಲೆಗೆ ಹೋದ ಮೇಲೆ ಅವಳನ್ನು ನೋಡಿಕೊಳ್ಳುವವರು ಯಾರು? ಅಂಥವರಿರುವ ಊರು ಯಾವುದು?

ಸ್ಟೇಷನ್ ರಸ್ತೆಯ ಹಿಂದಿನ ಆ ಕೋಣೆಯನ್ನು ಹಿಡಿದದ್ದು ಡಾಕ್ಟರು ಹತ್ತಿರ, ಕರೆಂಟು ಇದೆ, ನಲ್ಲಿ ಅಂಗಳದಲ್ಲೇ ಇದೆ ಎಂದು. ಎಲ್ಲ ಇತ್ತು, ಹಗಲಲ್ಲಿ ಜನ ಮಾತ್ರ ಇರಲಿಲ್ಲ. ಅತ್ತೆ ತಡವರಿಸುತ್ತ ಬೀದಿಗೆ ಇಳಿದಾಳೆಂಬ ಭಯಕ್ಕೆ ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದೆ. ಒಂದು ಸಂಜೆ ಬಂದು ಬಾಗಿಲು ತಳ್ಳಿದರೆ ಅದು ಅವಳಿಗೇ ತಾಗಿತು. ಬೆಳಗಿನಿಂದ ಬಾಗಿಲ ಹಿಂದೆಯೇ ಕೂತಿದ್ದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮೊದಲೇ ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಭಾನುವಾರ ಬಂದರೆ ಬಸ್ಸು ಹತ್ತಿ ಊರು ನೋಡಲು ಹೊರಟೆ. ದಸರಾ ಕಳೆದ ಮೇಲೆ ತಿಕೋಟಾದಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆಯ ಮುಂದಿನ ಖೋಲಿ ಸಿಕ್ಕಿತು. ನಾನು ದಿನಾ ಬಸ್ಸಿನಲ್ಲಿ ನಗರಕ್ಕೆ ಹೋಗಿಬರುವುದು, ಹಗಲು ಮಾಸ್ತರರ ಸೊಸೆ ಅತ್ತೆಯನ್ನು ನೋಡಿಕೊಳ್ಳುವುದು ಎಂದಾಯಿತು. "ಅವಳ ಕೈಯಲ್ಲಿ ಒಂದು ಕಡ್ಡಿಯನ್ನೂ ಎತ್ತಿಸಬೇಡಿ" ಎಂದು ಸೊಸೆಗೆ ಹೇಳಿದೆ. ಪಾಪ, ಆಕೆ ಅಕ್ಷರಶಃ ನಡೆಸಿಕೊಟ್ಟಳು. ಅತ್ತೆ ಕಾಲು ಕೆಳಗಿಟ್ಟರೆ ಸಾಕು, "ನೀವು ಕೂಡ್ರಿ ಅಮ್ಮಾರ, ನಾ ತರ್ತೇನಿ" ಎಂದು ಓಡಿಬರುತ್ತಿದ್ದಳು. ಸಂಕ್ರಾಂತಿ ಹೊತ್ತಿಗೆ ಅತ್ತೆಯ ಊಟ ಅರ್ಧಕ್ಕಿಳಿಯಿತು. ಗಳಿಗೆಗೊಮ್ಮೆ, "ಇವತ್ತು ಯಾವ ವಾರವೇ?" ಎಂದು ಕೇಳುತ್ತಿದ್ದಳು. ನೀರು ಒಗ್ಗಿಲ್ಲ ಎಂದುಕೊಂಡು ಮತ್ತೆ ಗಂಟು ಕಟ್ಟಿದೆ.

ಬಬಲೇಶ್ವರದಲ್ಲಿ ಮನೆ ಕೊಟ್ಟವಳು ಮಾಬೂಬಿ, ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳಿಗೂ ಅದೇ ಕಡ್ಡಿಯ ಮಾತು ಹೇಳಿದೆ. "ಹೂನ್ರಿ ಬಾಯಾರ" ಎಂದಳು. ಹೂಂ ಎಂದದ್ದು ಬಾಯಿ ಮಾತ್ರ.

ಏಪ್ರಿಲಿನ ಒಂದು ಮಧ್ಯಾಹ್ನ ಬಸ್ಸಿಳಿದು ಬಂದರೆ ಅತ್ತೆಯ ಮಂಚ ಖಾಲಿ. ಓಣಿಯೆಲ್ಲ ಹುಡುಕಿ ನಾಲ್ಕನೇ ಮನೆಯ ಪಡಸಾಲೆಗೆ ಬಂದೆ. ಅಲ್ಲಿ ಗೋಡೆಗೆ ಓರೆಯಾಗಿ ಹಲಗೆಯೊಂದನ್ನು ನಿಲ್ಲಿಸಿದ್ದರು. ಮೇಲೆ ಕೂತವಳು ಗೋಧಿ ಹಿಟ್ಟನ್ನು ಅದರ ಮೇಲೆ ಅಂಗೈಯಿಂದ ತೀಡುತ್ತಿದ್ದಳು, ಕೆಳಗೆ ಎಳೆಎಳೆಯಾಗಿ ಶಾವಿಗೆ ಇಳಿಯುತ್ತಿತ್ತು. ಆ ಎಳೆಗಳನ್ನು ಹರಿಯದಂತೆ ಹಿಡಿದು ಕೋಲಿಗೆ ಹಾಕುತ್ತಿದ್ದವಳು ನಮ್ಮತ್ತೆ. ನಮ್ಮೂರಿನಲ್ಲಿ ಒರಳಿನಿಂದ ಒತ್ತಿದ ಅಕ್ಕಿ ಶಾವಿಗೆ ಹಿಡಿದ ಬೆರಳುಗಳು ಅವು.

"ಕೆಲಸ ಯಾಕೆ ಹಚ್ಚಿದಿರಿ?" ಎಂದು ಮಾಬೂಬಿಯ ಮೇಲೆ ಹರಿಹಾಯ್ದೆ.

"ಕಣ್ಣು ಹೋಗ್ಯಾವ್ರಿ. ಕೈ ಏನಾಗ್ಯಾವ?" ಎಂದಳು ಅವಳು, ತಣ್ಣಗೆ.

ಅಲ್ಲಿ ಬೇಸಿಗೆಯ ಶಾವಿಗೆಯನ್ನು ಯಾರೂ ಒಬ್ಬರೇ ಮಾಡುವುದಿಲ್ಲ. ದಿನಕ್ಕೊಂದು ಮನೆ, ಓಣಿಯ ಹೆಂಗಸರೆಲ್ಲ ಸರದಿಯಂತೆ ಸೇರುತ್ತಾರೆ. ಒಬ್ಬರ ಮನೆಗೆ ನೀವು ಕೈ ಹಚ್ಚಿದರೆ ಅವರು ನಿಮ್ಮ ಮನೆಗೆ ಬಂದೇ ಬರಬೇಕು. ಅತ್ತೆ ಆಗಲೇ ಏಳು ಮನೆ ಮುಗಿಸಿದ್ದಳು. ಎರಡು ರೊಟ್ಟಿ ಉಣ್ಣುತ್ತಿದ್ದಳು. ಯಾವ ವಾರವೆಂದು ಈಗ ಅವಳೇ ನನಗೆ ಹೇಳುತ್ತಿದ್ದಳು.

ಮೇ ತಿಂಗಳಲ್ಲಿ ನಾನು ಬೇಡಿಕೊಂಡಿದ್ದ ವರ್ಗ ಸಿಕ್ಕಿತು, ತಿಪಟೂರಿಗೇ. ಕುಣಿದುಕೊಂಡು ಬಂದು ಹೇಳಿದೆ. ಅತ್ತೆ ಬೆರಳು ಮಡಚಿ ಮನೆಗಳನ್ನು ಎಣಿಸಿದಳು.

"ನಮ್ಮನೆ ಸರದಿ ಇನ್ನೂ ಐತೆ ಕಣೆ. ಅವರೆಲ್ಲ ಬರಬೇಕು."

"ಅದಾದ ಮೇಲೆ?"

"ಅದಾದ ಮೇಲೆ ನೀನು ಹೋಗು. ಅಲ್ಲಿ ನಂಗೆ ಇರೋದು ಬಾಗಿಲ ಹಿಂದಿನ ಜಾಗ."

ನಾನು ಅಳುತ್ತ ಜಗಳವಾಡಿದೆ. ಅವಳು ಜಗ್ಗಲಿಲ್ಲ. ನಮ್ಮ ಸರದಿಯ ದಿನ ಹೆಂಗಸರು ಬಂದರು, ನಾನೂ ಹಟದಿಂದ ಎಳೆ ಹಿಡಿಯಲು ಕೂತೆ. ಮುಟ್ಟಿದ್ದೆಲ್ಲ ಹರಿಯಿತು. ಮಾಬೂಬಿ ನನ್ನ ತೋಳು ಹಿಡಿದು ಎಬ್ಬಿಸಿ, "ನೀವು ಆ ಮಂಚದ ಮ್ಯಾಲ ಕೂಡ್ರಿ ಬಾಯಾರ, ಚಾ ಕುಡೀರಿ" ಎಂದಳು, ತುಂಬಾ ಅಕ್ಕರೆಯಿಂದಲೇ. ಮಡಿಲಲ್ಲಿ ಕೈಯಿಟ್ಟು ಸಂಜೆಯವರೆಗೆ ಕೂತೆ. ಅಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿರಲಿಲ್ಲ. ತಿಕೋಟಾದಲ್ಲಿ ಅತ್ತೆಗೆ ಇಂಥ ಮಧ್ಯಾಹ್ನಗಳನ್ನೇ ಕೊಟ್ಟಿದ್ದೆ.

ತಿಪಟೂರಿಗೆ ಒಬ್ಬಳೇ ಬಂದೆ. ಇಲ್ಲಿ ಎಲ್ಲರೂ ಕೇಳುತ್ತೀರಿ, ಕುರುಡು ಮುದುಕಿಯನ್ನು ಅಷ್ಟು ದೂರ ಬಿಟ್ಟು ಬಂದೆಯಲ್ಲ ಎಂದು. ಹುಟ್ಟೂರಿನ ನೀರು ಕುಡಿದು, ಮುದ್ದೆ ಉಂಡು ನೆಮ್ಮದಿಯಾಗಿರಬೇಕಿತ್ತು. ಬೆಳಗಾದರೆ ಮಾತ್ರ ಹಾಸಿಗೆಯಲ್ಲಿ ಕಿವಿಗೊಟ್ಟು ಮಲಗಿರುತ್ತೇನೆ. ಯಾರೂ ಏನನ್ನೂ ಬಡಿಯುವುದಿಲ್ಲ.

ನಿನ್ನೆ ಕಾರ್ಡು ಬಂತು. ಅತ್ತೆ ಹೇಳಿದ್ದನ್ನು ಮಾಬೂಬಿಯ ಮಗಳು ಬರೆದಿದ್ದಾಳೆ. "ಬ್ಯಾಸಗಿ ಸೂಟಿಗೆ ಬಾ. ನಮ್ಮ ಮನಿ ಈ ವರ್ಷದ ಸರದಿ ಇನ್ನೂ ಹಿಡಿದಿಲ್ಲ, ನಿನ್ನ ಸಲುವಾಗಿ ಕಾಯಾಕತ್ತೇವಿ. ಈ ಸಲ ನಿನಗೂ ಒಂದು ಕೆಲಸ ಇಟ್ಟೇನಿ, ಬಿಸಲಿಗೆ ಹಾಕಿದ ಶ್ಯಾವಿಗಿ ಕಾಗಿ-ಗುಬ್ಬಿ ತಿನ್ನದಂಗ ನೋಡೂದು."